ಸುಳ್ಳಕ್ಕೆ ಹೊರಡುವ ಮುನ್ನ: ಮಾನಸಿಕ ಆರೋಗ್ಯ ವೃತ್ತಿಯವರು ತಿಳಿದಿರಬೇಕಾದ ಕಾನೂನು

ಮಾನಸಿಕ ಆರೋಗ್ಯದ ಕಾಯ್ದೆ ಎಂದರೆ ಆಸ್ಪತ್ರೆಯ ಆಡಳಿತಕ್ಕೆ ಸಂಬಂಧಿಸಿದ್ದು, ವಾರ್ಡು-ದಾಖಲಾತಿ-ಬಿಡುಗಡೆಯ ವ್ಯವಹಾರ ಎಂದು ನಮ್ಮಲ್ಲಿ ಎಷ್ಟೋ ಜನ ಎಣಿಸಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಈ ಕಾಯ್ದೆ ಮುರಿದುಬೀಳುವುದು ಮನೆಯ ಪಡಸಾಲೆಯಲ್ಲಿ, ಊರ ಕಟ್ಟೆಯ ಮೇಲೆ, ಶಾಲೆಯ ಸ್ಟಾಫ್ ರೂಮಿನಲ್ಲಿ. ಅದೂ ಒಳ್ಳೆಯ ಮನಸ್ಸಿನವರ ಕೈಯಿಂದಲೇ. ಹಾಗಾಗಿ ಹೊಸದಾಗಿ ಕೆಲಸಕ್ಕೆ ಸೇರಿದ ಮನಃಶಾಸ್ತ್ರಜ್ಞರು, ಆಪ್ತಸಮಾಲೋಚಕರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ನರ್ಸ್‌ಗಳು ಹಳ್ಳಿಗೆ ಹೋಗುವ ಮುನ್ನ ಏನೇನು ತಿಳಿದಿರಬೇಕು ಎಂಬುದನ್ನು ಒಂದು ಊರನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಆ ಊರು ಹುಬ್ಬಳ್ಳಿ ತಾಲ್ಲೂಕಿನ ಸುಳ್ಳ. ಎರೆನೆಲದ ಸೀಮೆ. ಇಲ್ಲಿಯವರು ಮನೋವೈದ್ಯರನ್ನು ಕಾಣಬೇಕಾದರೆ ಜನ ಕಿಮ್ಸ್ ಎನ್ನುವ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಬರಬೇಕು, ಇಲ್ಲವೇ ಅಲ್ಲಿಂದ ಇನ್ನೂ ಸುಮಾರು 20 ಕಿಲೋಮೀಟರ್ ದಾಟಿ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಬೇಕು. 1845ರಲ್ಲಿ ಶುರುವಾದ ಈ ಸಂಸ್ಥೆಯನ್ನು ಹಳಬರು ಇಂದಿಗೂ ‘ಹುಚ್ಚರ ದವಾಖಾನಿ’ ಎಂದೇ ಕರೆಯುತ್ತಾರೆ. ಆ ಹೆಸರಿನ ಹೆದರಿಕೆಯಿಂದಲೇ ಎಷ್ಟೋ ಮನೆಗಳವರು ಕಾಯಿಲೆ ಬಲಿಯುವವರೆಗೂ ಯಾರಿಗೂ ಹೇಳುವುದಿಲ್ಲ.

ಸರಪಳಿಯ ಮುಂದೆ ನಿಂತಾಗ

ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ಮೂವತ್ತರ ಆಸುಪಾಸಿನ ಯುವಕ. ವಾರದ ಮೇಲಾಯಿತು, ಕಣ್ಣಿಗೆ ನಿದ್ದೆ ಹತ್ತಿಲ್ಲ. ಯಾರೋ ತನ್ನನ್ನು ಕೊಲ್ಲಲು ಬರುತ್ತಿದ್ದಾರೆಂದು ರಾತ್ರಿ ಎದ್ದು ಓಡುತ್ತಾನೆ. ನೀವು ಹೋಗುವಷ್ಟರಲ್ಲಿ ಮನೆಯವರು ಅವನನ್ನು ಗ್ವಾದಲಿಯ ಪಕ್ಕದ ಕಂಬಕ್ಕೆ, ಎತ್ತು ಕಟ್ಟುವ ಸರಪಳಿಯಿಂದಲೇ ಕಟ್ಟಿದ್ದಾರೆ. ಕಾಲಿನ ಗಂಟಿನ ಹತ್ತಿರ ಚರ್ಮ ಸುಲಿದಿದೆ. ಕಬ್ಬಿಣ ಒತ್ತದಿರಲೆಂದು ತಾಯಿ ಹಳೆಯ ಸೀರೆಯ ತುಂಡು ಸುತ್ತಿದ್ದಾಳೆ. ‘ಬಿಟ್ರ ಓಡಿ ಹೋಗ್ತಾನ್ರೀ ಸರ, ಬಾವ್ಯಾಗ ಬಿದ್ರ ಏನ್ ಮಾಡೂದು?’ ಎಂದು ಆಕೆ ಕೇಳುತ್ತಾಳೆ.

2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 95ನೇ ಸೆಕ್ಷನ್ ಪ್ರಕಾರ ಮಾನಸಿಕ ಕಾಯಿಲೆ ಇರುವವರನ್ನು ಯಾವ ರೀತಿಯಲ್ಲೂ, ಯಾವ ರೂಪದಲ್ಲೂ ಸರಪಳಿಯಿಂದ ಕಟ್ಟುವಂತಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಒಂದು ಆಶ್ರಯದಾಣಕ್ಕೆ ಬೆಂಕಿ ಬಿದ್ದಾಗ, ಕಟ್ಟಿಹಾಕಿದ್ದ ರೋಗಿಗಳು ಬಿಡಿಸಿಕೊಳ್ಳಲಾಗದೆ ಸುಟ್ಟು ಸತ್ತ ನೆನಪು ಈ ಒಂದು ಸಾಲಿನ ಹಿಂದಿದೆ. ಸರಪಳಿ ಹಾಕುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧವೆಂದು ಸುಪ್ರೀಂ ಕೋರ್ಟ್ ಕೂಡ 2019ರಲ್ಲಿ ಹೇಳಿದೆ.

ಹಾಗಂತ ಆ ತಾಯಿಗೆ ಪೊಲೀಸರ ಹೆದರಿಕೆ ಹಾಕುವುದು ನಿಮ್ಮ ಮೊದಲ ಕೆಲಸವಲ್ಲ. ಬೇರೆ ದಾರಿ ಕಾಣದೆ ಕಟ್ಟಿದ್ದಾಳೆ. ಆ ದಾರಿ ತೋರಿಸುವುದು ನಿಮ್ಮ ಕೆಲಸ. ಅದು 94ನೇ ಸೆಕ್ಷನ್‌ನಲ್ಲಿದೆ. ಜೀವಕ್ಕೆ ಅಪಾಯವಿದ್ದರೆ, ತನಗೋ ಇತರರಿಗೋ ಗಂಭೀರ ಹಾನಿ ಮಾಡುವ ಸ್ಥಿತಿ ಇದ್ದರೆ, ನೋಂದಾಯಿತ ವೈದ್ಯರು ಯಾರಾದರೂ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯೂ, ತುರ್ತು ಚಿಕಿತ್ಸೆ ಕೊಡಬಹುದು. ಮನೋವೈದ್ಯರೇ ಬರಬೇಕೆಂದಿಲ್ಲ, ಆಸ್ಪತ್ರೆಯೇ ಆಗಬೇಕೆಂದೂ ಇಲ್ಲ, ಮನೆಯಲ್ಲೇ ಆದೀತು. ಹತ್ತಿರದ ಮಾನಸಿಕ ಆರೋಗ್ಯ ಸಂಸ್ಥೆಗೆ ಸಾಗಿಸುವುದೂ ಇದರಲ್ಲೇ ಸೇರಿದೆ. ರೋಗಿಯ ಪರವಾಗಿ ನಿರ್ಧರಿಸುವ ಪ್ರತಿನಿಧಿ ಅಲ್ಲಿದ್ದರೆ ಅವರ ಒಪ್ಪಿಗೆ ಬೇಕು. ಇದರ ಅವಧಿ 72 ಗಂಟೆ, ಇಲ್ಲವೇ ಸಂಸ್ಥೆಯಲ್ಲಿ ತಪಾಸಣೆ ಆಗುವವರೆಗೆ, ಯಾವುದು ಮೊದಲೋ ಅದು. ವಿದ್ಯುತ್ ಕಂಪನ ಚಿಕಿತ್ಸೆಯನ್ನು ಮಾತ್ರ ತುರ್ತು ಚಿಕಿತ್ಸೆಯಾಗಿ ಕೊಡುವಂತಿಲ್ಲ. ಈ 72 ಗಂಟೆಯ ಅವಕಾಶ ಎಷ್ಟೋ ವೈದ್ಯರಿಗೆ ಗೊತ್ತಿಲ್ಲ. ಕಾನೂನಿನ ತೊಡಕು ಬಂದೀತೆಂದು ಒಂದು ಇಂಜೆಕ್ಷನ್ ಕೊಡಲೂ ಹಿಂಜರಿಯುತ್ತಾರೆ. ಆ ಹಿಂಜರಿಕೆ ಹೋಗಬೇಕು.

ಮನೆಯವರು ಬೇಕೆಂದೇ ಹಿಂಸೆ ಕೊಡುತ್ತಿದ್ದರೆ, ಊಟ-ಔಷಧ ಕೊಡದೆ ಕಡೆಗಣಿಸಿದ್ದರೆ ಮಾತು ಬೇರೆ. 101ನೇ ಸೆಕ್ಷನ್ ಪ್ರಕಾರ ಅದನ್ನು ಪೊಲೀಸ್ ಠಾಣೆಗೆ ತಿಳಿಸಲೇಬೇಕು. ಠಾಣೆಯಿಂದ ವಿಷಯ ಮ್ಯಾಜಿಸ್ಟ್ರೇಟರ ಮುಂದೆ ಹೋಗುತ್ತದೆ.

ಬಿಳಿ ಹಾಳೆಯ ಬೆಲೆ

ಆ ಯುವಕ ಡಿಮ್ಹಾನ್ಸ್‌ಗೆ ಬಂದ ಎನ್ನಿ. ಹಳೆಯ 1987ರ ಕಾಯ್ದೆಯಂತೆ ಇನ್ನು ಮನೆಯವರ ಸಹಿ ಇದ್ದ ಮಾತ್ರಕ್ಕೆ ಎಲ್ಲವೂ ನಡೆಯುವುದಿಲ್ಲ. ಚಿಕಿತ್ಸೆಯ ವಿಷಯ ತಿಳಿದುಕೊಂಡು ನಿರ್ಧರಿಸುವ ಸಾಮರ್ಥ್ಯ ಅವನಿಗಿದೆಯೇ ಎಂಬುದು ಈಗ ಮೊದಲ ಪ್ರಶ್ನೆ. ಇದ್ದರೆ ಅವನ ಮಾತೇ ಅಂತಿಮ. ಅವನ ತೀರ್ಮಾನ ನಮಗೆ ತಪ್ಪೆನಿಸಿತೆಂಬ ಕಾರಣಕ್ಕೆ ಸಾಮರ್ಥ್ಯವಿಲ್ಲ ಎನ್ನುವಂತಿಲ್ಲ. ಸಾಮರ್ಥ್ಯ ಕುಂದಿದ್ದು, ತನಗೆ ಅಥವಾ ಇತರರಿಗೆ ಅಪಾಯವಿದ್ದರೆ, ಇಲ್ಲವೇ ತನ್ನನ್ನು ತಾನು ನೋಡಿಕೊಳ್ಳಲಾಗದೆ ಹಾನಿಗೊಳಗಾಗುವ ಹಂತದಲ್ಲಿದ್ದರೆ 89ನೇ ಸೆಕ್ಷನ್‌ನ ಬೆಂಬಲಿತ ದಾಖಲಾತಿ. ಒಬ್ಬರು ಮನೋವೈದ್ಯರು, ಇನ್ನೊಬ್ಬರು ಮಾನಸಿಕ ಆರೋಗ್ಯ ವೃತ್ತಿಯವರು ಅಥವಾ ವೈದ್ಯರು, ಇಬ್ಬರೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಹೆಚ್ಚೆಂದರೆ 30 ದಿನ. ದಾಖಲಾತಿಯ ವರದಿ ಏಳು ದಿನದೊಳಗೆ, ಹೆಣ್ಣುಮಕ್ಕಳು ಮತ್ತು ಅಪ್ರಾಪ್ತರಾದರೆ ಮೂರು ದಿನದೊಳಗೆ, ಕಾಯ್ದೆಯಡಿಯ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಹೋಗಬೇಕು. ಸಾಮರ್ಥ್ಯ ಮರಳಿತೇ ಎಂದು ಏಳು ದಿನಕ್ಕೊಮ್ಮೆ ನೋಡಬೇಕು.

ಇಲ್ಲಿ ಹಳ್ಳಿಯಲ್ಲಿ ಕೆಲಸ ಮಾಡುವವರಿಂದ ಆಗಬಹುದಾದ ದೊಡ್ಡ ಉಪಕಾರವೊಂದಿದೆ. ಪ್ರಾಪ್ತವಯಸ್ಕರು ಯಾರೇ ಆಗಲಿ, ತಮ್ಮ ಪರವಾಗಿ ಯಾರು ನಿರ್ಧರಿಸಬೇಕೆಂದು ಒಂದು ಬಿಳಿ ಹಾಳೆಯ ಮೇಲೆ ಬರೆದು ಸಹಿ ಹಾಕಿದರೆ, ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರೆ, ಅದು 14ನೇ ಸೆಕ್ಷನ್‌ನ ನಾಮನಿರ್ದೇಶಿತ ಪ್ರತಿನಿಧಿಯ ನೇಮಕವಾಗುತ್ತದೆ. ಛಾಪಾ ಕಾಗದ ಬೇಡ, ವಕೀಲರು ಬೇಡ. ಗಂಡನ ಮನೆಯಲ್ಲಿ ಕಷ್ಟಪಡುತ್ತಿರುವ ಹೆಣ್ಣುಮಗಳು ತನ್ನ ಅಕ್ಕನ ಹೆಸರು ಬರೆಯಬಹುದು. ಅಣ್ಣತಮ್ಮಂದಿರ ಜೊತೆ ಹೊಲದ ವ್ಯಾಜ್ಯವಿರುವವನು ಗೆಳೆಯನ ಹೆಸರು ಬರೆಯಬಹುದು. ಬರೆಯದಿದ್ದರೆ ಸಂಬಂಧಿಕರು, ಅವರಿಲ್ಲದಿದ್ದರೆ ಆರೈಕೆ ಮಾಡುವವರು, ಆಮೇಲೆ ಮಂಡಳಿ ನೇಮಿಸಿದವರು ಪ್ರತಿನಿಧಿಯಾಗುತ್ತಾರೆ. ಕಾಯಿಲೆ ಹತೋಟಿಯಲ್ಲಿದ್ದು ಮನಸ್ಸು ತಿಳಿಯಾಗಿರುವಾಗಲೇ ಈ ಹಾಳೆ ಬರೆಸಿಡಿ. ಮುಂದೆ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ ಎಂದು ಮೊದಲೇ ಬರೆದಿಡುವ ಮುಂಗಡ ಸೂಚನೆಗೂ ಕಾಯ್ದೆಯಲ್ಲಿ ಅವಕಾಶವಿದೆ. ತುರ್ತು ಚಿಕಿತ್ಸೆಗೆ ಅದು ಅಡ್ಡಬರುವುದಿಲ್ಲ.

ಬಾಯಿ ಬಿಡಬಾರದ ಕಡೆ, ಬಿಡಲೇಬೇಕಾದ ಕಡೆ

ಸಣ್ಣ ಊರಿನಲ್ಲಿ ಗುಟ್ಟು ಕಾಯುವುದೇ ಈ ವೃತ್ತಿಯ ಕಷ್ಟದ ಕೆಲಸ. ಆಶಾ ಕಾರ್ಯಕರ್ತೆ ರೋಗಿಯ ವಾರಗಿತ್ತಿಯೇ ಆಗಿರುತ್ತಾಳೆ, ಪಂಚಾಯ್ತಿ ಸದಸ್ಯ ದೊಡ್ಡಪ್ಪನಾಗಿರುತ್ತಾನೆ. ‘ಏನಾಗೇತ್ರೀ ಆ ಹುಡುಗಿಗೆ? ಮದುವಿ ಮಾತುಕತಿ ನಡದಾವು’ ಎಂದು ಕೇಳುವವರು ಕೆಟ್ಟವರೇನಲ್ಲ. ಆದರೆ 23ನೇ ಸೆಕ್ಷನ್ ಪ್ರಕಾರ ರೋಗಿಯ ವಿಷಯ ಹೊರಗೆ ಹೋಗುವಂತಿಲ್ಲ. ಪ್ರತಿನಿಧಿಗೆ, ಚಿಕಿತ್ಸೆ ನೀಡುವ ಇತರ ವೃತ್ತಿಯವರಿಗೆ, ಯಾರದೋ ಜೀವಕ್ಕೆ ಅಪಾಯವಿದ್ದಾಗ ಅದನ್ನು ತಪ್ಪಿಸಲು ಬೇಕಾದಷ್ಟು, ಮಂಡಳಿಯ ಅಥವಾ ಹೈಕೋರ್ಟ್-ಸುಪ್ರೀಂ ಕೋರ್ಟ್‌ಗಳಂಥವುಗಳ ಆದೇಶವಿದ್ದಾಗ, ಇಂಥ ಕೆಲವೇ ಸಂದರ್ಭಗಳಲ್ಲಿ ಮಾತ್ರ ಹೇಳಬಹುದು. ರೋಗಿಯ ಫೋಟೊ, ವಿವರ ಏನೇ ಇದ್ದರೂ ಅವರ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. ಶಿಬಿರ ಮಾಡಿದ ಉತ್ಸಾಹದಲ್ಲಿ ಸಾಲಾಗಿ ಕೂತ ರೋಗಿಗಳ ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ರೂಢಿ ನಮ್ಮಲ್ಲಿ ಜೋರಾಗಿದೆ. ದಯವಿಟ್ಟು ನಿಲ್ಲಿಸಿ.

ಇನ್ನೊಂದು ಬಲೆ ಸರ್ಟಿಫಿಕೇಟಿನದು. ವಿಚ್ಛೇದನದ ಕೇಸಿಗೆ, ಆಸ್ತಿ ಪಾಲಿನ ಕೇಸಿಗೆ ‘ಅವಳಿಗೆ ತಲಿ ಸರಿ ಇಲ್ಲ ಅಂತ ಬರೆದು ಕೊಡ್ರಿ’ ಎಂದು ಬರುವವರಿದ್ದಾರೆ. ಕಾಯ್ದೆಯ 3ನೇ ಸೆಕ್ಷನ್ ಸ್ಪಷ್ಟವಾಗಿದೆ: ಹಿಂದೆ ಆಸ್ಪತ್ರೆಯಲ್ಲಿದ್ದರೆಂಬ ಕಾರಣಕ್ಕೆ ಈಗಲೂ ಕಾಯಿಲೆ ಇದೆ ಎನ್ನುವಂತಿಲ್ಲ, ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ಆ ವ್ಯಕ್ತಿ ಕಾನೂನಿನ ಕಣ್ಣಲ್ಲಿ ಬುದ್ಧಿಸ್ವಾಧೀನವಿಲ್ಲದವನಾಗುವುದಿಲ್ಲ, ಹಾಗೆ ಘೋಷಿಸುವ ಅಧಿಕಾರ ಕೋರ್ಟಿನದು. ಕೋರ್ಟಿನಲ್ಲಿ ಒಬ್ಬರು ಕಾಯಿಲೆಯ ದಾಖಲೆ ತಂದು, ಇನ್ನೊಬ್ಬರು ಅದನ್ನು ಅಲ್ಲಗಳೆದರೆ 105ನೇ ಸೆಕ್ಷನ್ ಪ್ರಕಾರ ವಿಷಯ ಪರಿಶೀಲನಾ ಮಂಡಳಿಗೆ ಹೋಗಬೇಕು. ನೀವು ಕಣ್ಣಾರೆ ಪರೀಕ್ಷಿಸದವರ ಬಗ್ಗೆ ಒಂದು ಸಾಲನ್ನೂ ಬರೆಯಬೇಡಿ. ಕಾಯ್ದೆ ಮೀರಿದ್ದಕ್ಕೆ ಮೊದಲ ಸಲ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ.

ಆದರೆ ಬಾಯಿ ಮುಚ್ಚಿಕೊಂಡರೆ ಅಪರಾಧವಾಗುವ ಸಂದರ್ಭವೂ ಇದೆ. ಹದಿನೆಂಟು ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಆಪ್ತಸಮಾಲೋಚನೆಯ ಗೋಪ್ಯತೆ ಇಲ್ಲಿ ನೆಪವಾಗುವುದಿಲ್ಲ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ ಇವೆ. ಹದಿನಾರರ ಹುಡುಗಿಗೆ ಮನೆಯವರೇ ಮದುವೆ ಮಾಡಿದ್ದಾರೆ ಎಂಬ ಮಾತು ಬಂದರೂ ಅಷ್ಟೇ. ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿಯ ಪ್ರಕಾರ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ಆದಾಗಿನಿಂದಲೇ ಅಸಿಂಧು. ಗೋಪ್ಯತೆಯ ಈ ಮಿತಿಯನ್ನು ಮೊದಲ ಭೇಟಿಯಲ್ಲೇ ಮಗುವಿಗೆ ಅರ್ಥವಾಗುವಂತೆ ಹೇಳಿಬಿಡಿ: ಯಾವುದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಯಾವುದನ್ನು ಇಟ್ಟುಕೊಳ್ಳಲಾರೆ ಎಂದು. ಆಮೇಲೆ ಹೇಳಿದರೆ ಮಗುವಿಗೆ ಮೋಸ ಹೋದಂತಾಗುತ್ತದೆ.

ದೆವ್ವ, ಹೊಡೆತ ಮತ್ತು ರಾಜ್ಯದ ಕಾಯ್ದೆ

‘ಗಾಳಿ ಸೋಕೇತಿ’ ಎಂದು ನಂಬುವವರ ನಂಬಿಕೆಯನ್ನು ಹೀಗಳೆದು ಯಾರನ್ನೂ ಆಸ್ಪತ್ರೆಗೆ ಕರೆತರಲಾಗುವುದಿಲ್ಲ. ಕಾನೂನೂ ಹಾಗೆ ಮಾಡೆನ್ನುವುದಿಲ್ಲ. ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆ 2017ರಲ್ಲಿ ಶಾಸನಸಭೆಯಲ್ಲಿ ಪಾಸಾಗಿ 2020ರ ಜನವರಿಯಿಂದ ಜಾರಿಗೆ ಬಂತು. ದೇವಸ್ಥಾನಕ್ಕೆ ಹೋಗುವುದು, ಪೂಜೆ, ಪ್ರದಕ್ಷಿಣೆ, ಯಾತ್ರೆ ಇವಾವುದಕ್ಕೂ ಅದರಿಂದ ಅಡ್ಡಿಯಿಲ್ಲ. ದೆವ್ವ ಬಿಡಿಸುವ ಹೆಸರಲ್ಲಿ ಹಗ್ಗ-ಸರಪಳಿಯಿಂದ ಕಟ್ಟಿ ಹೊಡೆಯುವುದು, ಮೆಣಸಿನಕಾಯಿ ಹೊಗೆ ಕೊಡುವಂಥ ಹಿಂಸೆ ಮಾಡುವುದು ಅಪರಾಧ. ಶಿಕ್ಷೆ ಒಂದರಿಂದ ಏಳು ವರ್ಷದವರೆಗೆ ಜೈಲು. ಈ ಗೆರೆಯನ್ನು ಊರಿನವರಿಗೆ ಹೀಗೆಯೇ ಬಿಡಿಸಿ ಹೇಳಿ. ಹರಕೆಯೂ ನಡೆಯಲಿ, ಗುಳಿಗೆಯೂ ನಡೆಯಲಿ ಎಂದರೆ ಅಜ್ಜಿಯೂ ಒಪ್ಪುತ್ತಾಳೆ.

ರಾಜ್ಯದ ಇನ್ನೊಂದು ಹಳೆಯ ಕಾಯ್ದೆ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ. ಮನೆ ತೆರಿಗೆಯ ರಸೀದಿಯಲ್ಲಿ ಭಿಕ್ಷುಕರ ಕರ ಎಂದು ಕಾಣುವುದು ಇದರದೇ. ಊರೂರು ಅಲೆಯುವ ಮಾನಸಿಕ ಅಸ್ವಸ್ಥರನ್ನು ಭಿಕ್ಷುಕರೆಂದು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಸೇರಿಸಿದರೆ ಕೆಲಸ ಮುಗಿಯಿತೆಂದು ಭಾವಿಸುವವರಿದ್ದಾರೆ. ಮುಗಿಯುವುದಿಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ ಅಂಥವರನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಲಾಕಪ್ಪಿನಲ್ಲಿಡುವಂತಿಲ್ಲ. ಮನೆಮಠ ಗೊತ್ತಿಲ್ಲದವರಾದರೆ ಕಾಣೆಯಾದವರ ಪ್ರಕರಣ ದಾಖಲಿಸಿ ಮನೆಯವರನ್ನು ಹುಡುಕುವುದೂ ಠಾಣೆಯ ಹೊಣೆ.

ಜೀವ ಕಳೆದುಕೊಳ್ಳಲು ಹೊರಟವರ ಮನೆಯಲ್ಲಿ

ಬೆಳೆಗೆ ಹೊಡೆಯುವ ಎಣ್ಣೆ ಕೈಗೆಟುಕುವಂತೆ ಇರುವ ಸೀಮೆ ಇದು. ಆಸ್ಪತ್ರೆಗೆ ತಂದಾಗ ಮನೆಯವರು ಕೇಸಾಗುತ್ತದೆಂದು ಹೆದರಿ ನಿಜ ಮುಚ್ಚಿಡುತ್ತಾರೆ, ಚಿಕಿತ್ಸೆ ತಡವಾಗುತ್ತದೆ. ಅವರಿಗೆ ಈ ಮಾತನ್ನು ಗಟ್ಟಿಯಾಗಿ ಹೇಳಿ: ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಭಾವಿಸುತ್ತದೆ, ಅವರನ್ನು ಶಿಕ್ಷಿಸುವಂತಿಲ್ಲ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆ ಯತ್ನವನ್ನು ಅಪರಾಧವಾಗಿಸಿದ್ದ ಹಳೆಯ ದಂಡ ಸಂಹಿತೆಯ 309ನೇ ಸೆಕ್ಷನ್ ಇಲ್ಲವೇ ಇಲ್ಲ. ಸರ್ಕಾರಿ ನೌಕರರ ಮೇಲೆ ಒತ್ತಡ ತರಲು ಮಾಡುವ ಯತ್ನವನ್ನಷ್ಟೇ 226ನೇ ಸೆಕ್ಷನ್‌ನಲ್ಲಿ ಉಳಿಸಿಕೊಂಡಿದ್ದಾರೆ. ಆಸ್ಪತ್ರೆಯಲ್ಲಿ ವೈದ್ಯಕೀಯ-ಕಾನೂನು ದಾಖಲೆ ಬರೆಯುತ್ತಾರೆ, ಪೊಲೀಸರು ಬಂದು ಹೇಳಿಕೆ ಪಡೆಯಬಹುದು, ಅದು ಶಿಕ್ಷೆಯಲ್ಲ. ಎಣ್ಣೆಯ ಡಬ್ಬಿಯನ್ನು ಬೀಗ ಹಾಕಿ ಇಡಿಸುವುದು, 14416 ನಂಬರಿನ ಟೆಲಿ-ಮಾನಸ್ ಸಹಾಯವಾಣಿಯನ್ನು ಮನೆಯವರ ಫೋನಿನಲ್ಲಿ ಉಳಿಸಿಕೊಡುವುದು, ವಾರದೊಳಗೆ ಮತ್ತೆ ಹೋಗಿ ಮಾತಾಡಿಸುವುದು ಕಾಯ್ದೆಯಲ್ಲಿ ಬರೆದಿಲ್ಲದಿದ್ದರೂ ಮಾಡಲೇಬೇಕಾದ ಕೆಲಸ.

ಶಾಲೆ-ಕಾಲೇಜು, ಕೋಚಿಂಗ್ ಸೆಂಟರುಗಳಲ್ಲಿ ಕೆಲಸ ಮಾಡುವವರು ವಿದ್ಯಾರ್ಥಿಗಳ ಆತ್ಮಹತ್ಯೆ ತಡೆಯುವ ಕುರಿತ 2025ರ ಜುಲೈ 25ರ ಸುಪ್ರೀಂ ಕೋರ್ಟ್ ತೀರ್ಪನ್ನು ಓದಿಕೊಳ್ಳಬೇಕು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ಅರ್ಹ ಆಪ್ತಸಮಾಲೋಚಕರನ್ನೋ ಮನಃಶಾಸ್ತ್ರಜ್ಞರನ್ನೋ ಸಮಾಜ ಕಾರ್ಯಕರ್ತರನ್ನೋ ನೇಮಿಸಿಕೊಳ್ಳಬೇಕೆಂದು ಅದರಲ್ಲಿದೆ. ಕೋಚಿಂಗಿಗೆಂದು ಹಳ್ಳಿಗಳಿಂದ ಮಕ್ಕಳು ಬಂದು ತುಂಬಿರುವ ಧಾರವಾಡಕ್ಕೆ ಇದು ತುಂಬಾ ಹತ್ತಿರದ ಮಾತು.

ಯಾರು ಏನು ಮಾಡಬಹುದು

ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕಲು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿರಬೇಕು. ಎಂ.ಎ. ಸೈಕಾಲಜಿ ಒಂದೇ ಇದ್ದರೆ ಆ ಹೆಸರು ಹಾಕಿಕೊಳ್ಳುವಂತಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ಮಾನಸಿಕ ಆರೋಗ್ಯ ನರ್ಸ್‌ಗಳು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲೂ ನೋಂದಾಯಿಸಿಕೊಳ್ಳಬೇಕು. ಇತರ ಮನಃಶಾಸ್ತ್ರಜ್ಞರನ್ನೂ ಸಮಾಲೋಚಕರನ್ನೂ 2021ರ ಸಂಬಂಧಿತ ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆಯ ವ್ಯಾಪ್ತಿಗೆ ತರಲಾಗಿದೆ. ನಿಮ್ಮ ವೃತ್ತಿಗೆ ಅಧಿಕಾರವಿಲ್ಲದ ಔಷಧವನ್ನು ನೀವು ಹೇಳುವಂತಿಲ್ಲ. ಹಳೆಯ ಚೀಟಿಯನ್ನೇ ಇನ್ನೊಂದು ತಿಂಗಳು ಮುಂದುವರಿಸಿ ಎನ್ನುವ ಮಾತೂ ವೈದ್ಯರದೇ.

ಕೇವಲ ಹೊರರೋಗಿಗಳನ್ನು ನೋಡುವ ಕೊಠಡಿಗೆ ಮಾನಸಿಕ ಆರೋಗ್ಯ ಸಂಸ್ಥೆಯ ನೋಂದಣಿ ಬೇಡ. ರೋಗಿಯನ್ನು ಇರಿಸಿಕೊಂಡರೆ, ಅದು ಒಂದೇ ರಾತ್ರಿಯಾದರೂ, ಬೇಕು. ಕುಡಿತ ಬಿಡಿಸುವ ಕೇಂದ್ರಗಳಿಗೂ ಇದು ಅನ್ವಯ, ಏಕೆಂದರೆ ಮದ್ಯ-ಮಾದಕ ವ್ಯಸನದ ತೊಂದರೆಗಳೂ ಕಾಯ್ದೆಯ ವ್ಯಾಖ್ಯೆಯೊಳಗೆ ಬರುತ್ತವೆ. ಮನೆಯಿಂದ ಎಳೆದೊಯ್ದು ತಿಂಗಳುಗಟ್ಟಲೆ ಕೂಡಿಹಾಕುವ, ಮನೆಯವರಿಗೆ ಫೋನ್ ಮಾಡಗೊಡದ ಕೇಂದ್ರಗಳಿಗೆ ರೋಗಿಗಳನ್ನು ಕಳಿಸಬೇಡಿ. ಮೊದಲು ನೋಂದಣಿ ಪತ್ರ ಕೇಳಿ. ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳಿಗೆ ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಬೇರೆ ಇದೆ. ಸಲಿಂಗಕಾಮವನ್ನು ‘ಸರಿಪಡಿಸುತ್ತೇವೆ’ ಎನ್ನುವ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಎಂದಿದೆ.

ಬಸ್ ಚಾರ್ಜು ಮತ್ತು ಗುಳಿಗೆ

ಕೊನೆಗೆ ಎಲ್ಲ ಮನೆಗಳಲ್ಲೂ ಬರುವ ಪ್ರಶ್ನೆ ದುಡ್ಡಿನದು. ಬಡತನ ರೇಖೆಗಿಂತ ಕೆಳಗಿನವರಿಗೆ, ಕೈಯಲ್ಲಿ ಬಿಪಿಎಲ್ ಕಾರ್ಡ್ ಇರಲಿ ಇಲ್ಲದಿರಲಿ, ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಚಿಕಿತ್ಸೆ ಉಚಿತವೆಂದು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ಹೇಳುತ್ತದೆ. ಕಾರ್ಡಿನಲ್ಲಿ ಹೆಸರು ಸೇರಿಲ್ಲದ ಸೊಸೆಯರು, ಕಾರ್ಡು ರದ್ದಾದ ಮುದುಕರು ಈ ಒಂದು ಸಾಲು ಗೊತ್ತಿಲ್ಲದೆ ವಾಪಸು ಹೋಗಬಾರದು. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡನ್ನು ರಾಜ್ಯ ಮಾಡಿದೆ. ಯಾವ ಮಂಗಳವಾರ, ಎಲ್ಲಿ ಎಂಬುದನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಿಂದ ಕೇಳಿ ತಿಳಿದುಕೊಂಡೇ ಊರಿಗೆ ಹೋಗಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಶೇ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವಿದ್ದರೆ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿನ ಮೂಲಕ ಮಾಸಾಶನ, ಉದ್ಯೋಗ ಮೀಸಲಾತಿಗಳ ದಾರಿ ತೆರೆಯುತ್ತದೆ. ಗ್ರಾಮ ಪಂಚಾಯ್ತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರನ್ನು ಜೊತೆಗೆ ಕರೆದುಕೊಂಡು ಹೋದರೆ ಅರ್ಜಿಯ ಅರ್ಧ ಕೆಲಸ ಮುಗಿದಂತೆ. ಆರೋಗ್ಯ ವಿಮೆ ಇರುವವರಿಗೆ ದೈಹಿಕ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು. ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಿಸಿ.

ಇಷ್ಟನ್ನು ಓದಿದವರಲ್ಲಿ ನನ್ನದೊಂದು ಕೋರಿಕೆ. ನೀವು ಕೆಲಸ ಮಾಡುವ ಊರಿನ ಮುಂದಿನ ಗ್ರಾಮಸಭೆಗೆ ಹೋಗಿ ಹತ್ತು ನಿಮಿಷ ಸಮಯ ಕೇಳಿ. ಸರಪಳಿ ಹಾಕುವಂತಿಲ್ಲ, ತುರ್ತು ಚಿಕಿತ್ಸೆಯನ್ನು ಊರಲ್ಲೇ ಕೊಡಬಹುದು, ಆತ್ಮಹತ್ಯೆಗೆ ಯತ್ನಿಸಿದವರಿಗೆ ಶಿಕ್ಷೆಯಿಲ್ಲ, ಬಡವರಿಗೆ ಕಾರ್ಡಿಲ್ಲದಿದ್ದರೂ ಚಿಕಿತ್ಸೆ ಉಚಿತ: ಈ ನಾಲ್ಕು ಮಾತನ್ನು ಊರಿನವರ ಭಾಷೆಯಲ್ಲೇ ಹೇಳಿ, 14416 ನಂಬರನ್ನು ಪಂಚಾಯ್ತಿಯ ಗೋಡೆಯ ಮೇಲೆ ಬರೆಸಿ ಬನ್ನಿ.